ಬೂದು ಬಣ್ಣದ ಐದನೇ ಬಿರಡೆ

ಶನಿವಾರ, ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನೀರಕ್ಕನನ್ನು ಮಾತನಾಡಿಸಲು ಬಂದ ನನಗೆ ಮೊದಲು ಕಾಣುವುದು ಅವರ ಪಾದಗಳು. ಅಂಗಳದಲ್ಲಿ ಮರದ ದಿಮ್ಮಿಗಳ ಮೇಲೆ ಹಳೆಯ ಪಿಕಪ್ ಗಾಡಿ ನಿಂತಿದೆ. ಅದರ ಅಡಿಯಿಂದ ಎರಡು ಕಾಲು ಹೊರಗೆ ಚಾಚಿವೆ, ಒಂದರಲ್ಲಿ ಮಾತ್ರ ಚಪ್ಪಲಿ. ಬೇರೆ ದಾರಿಯಿಲ್ಲದೆ ಪಾದಗಳಿಗೇ ನಮಸ್ಕಾರ ಹೇಳುತ್ತೇನೆ. "ಬಂದ್ರಾ? ಆ ಹದಿನೇಳರ ಸ್ಪ್ಯಾನರ್ ಕೊಡಿ," ಎಂದು ಒಳಗಿನಿಂದ ದನಿ ಬರುತ್ತದೆ. ಕೊಡುತ್ತೇನೆ. ಅದು ಹದಿನಾಲ್ಕರದಂತೆ. ಪತ್ರಿಕೆಯವರ ಮೇಲೆ ಈ ಮನೆಗಿದ್ದ ಗೌರವ ಅಲ್ಲಿಗೆ ಮುಗಿಯುತ್ತದೆ.

ಊರ ಹಿಂದಿನ ಗುಡ್ಡದ ಮೇಲೆ ನಲವತ್ತೊಂದು ಮನೆಗಳಿವೆ, ನಲ್ಲಿ ಒಂದೂ ಇಲ್ಲ. ಕುಡಿಯುವ ನೀರು ಹೋಗುವುದು ನೀರಕ್ಕನ ಗಾಡಿಯಲ್ಲೇ. ದಿನಕ್ಕೆ ಮೂರು ಟ್ರಿಪ್, ಮನೆಗೆರಡರಂತೆ ಎಂಬತ್ತೆರಡು ಕ್ಯಾನ್. ಶನಿವಾರ, ಭಾನುವಾರದ ನೀರನ್ನು ಶುಕ್ರವಾರವೇ ಇಳಿಸಿ ಬರುತ್ತಾರೆ. ಮೊದಲು ಗಾಡಿ ಓಡಿಸುತ್ತಿದ್ದವರು ಮಾವ. ಅವರ ಮಂಡಿ ಸೋತಾಗ ಮಗ ಸ್ಟೀರಿಂಗ್ ಹಿಡಿದರು, ಎರಡನೇ ತಿರುವಿನಲ್ಲಿ ವಾಂತಿ ಮಾಡಿಕೊಂಡು ತಮ್ಮ ಹೊಲಿಗೆ ಯಂತ್ರಕ್ಕೆ ವಾಪಸಾದರು. ಆಗ ಕೀಲಿಕೈ ಸೊಸೆಯ ಕೈಗೆ ಬಂತು. ಅದಾಗಿ ಹನ್ನೊಂದು ವರ್ಷ. ಹೆಂಗಸು ಗಾಡಿ ತರುತ್ತಾಳೆಂದು ಗುಡ್ಡದವರು ಶುರುವಿನಲ್ಲಿ ರಸ್ತೆ ಬಿಟ್ಟು ದೂರ ನಿಲ್ಲುತ್ತಿದ್ದರಂತೆ. "ಈಗ ಅಲ್ಲಿನ ನಾಯಿನೂ ಎದ್ದು ದಾರಿ ಬಿಡಲ್ಲ. ನಾನೇ ಸುತ್ತಿ ಹೋಗ್ಬೇಕು," ಎನ್ನುತ್ತಾರೆ.

ನಿನ್ನೆ ಕೊನೆಯ ಟ್ರಿಪ್ ಇಳಿಸಿ ಬರುವಾಗ ಗಾಡಿಯ ಹೊಟ್ಟೆಯಲ್ಲಿ ಏನೋ ಕಟಕಟನೆ ಹರಿಯಿತು. ಗೇರ್‌ಬಾಕ್ಸಿನ ಬೆನ್ನಿಗೆ ಅಂಟಿಕೊಂಡಿರುವ ಟ್ರಾನ್ಸ್‌ಫರ್ ಕೇಸ್ ಎಂಬ ಕಬ್ಬಿಣದ ಪೆಟ್ಟಿಗೆ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೂ ಮುಂದಿನ ಚಕ್ರಗಳಿಗೂ ಹಂಚುತ್ತದೆ. ಅದರೊಳಗಿನ ಸರಪಳಿ ತುಂಡಾಗಿದೆ. ಗುಡ್ಡದ ಕೊನೆಯ ತಿರುವು ಬರೀ ಸಡಿಲ ಜಲ್ಲಿ, ನಾಲ್ಕೂ ಚಕ್ರ ಎಳೆಯದಿದ್ದರೆ ತುಂಬಿದ ಗಾಡಿ ಹತ್ತುವುದಿಲ್ಲ. ಗ್ಯಾರೇಜಿನವನು ಗುರುವಾರ ಬಾ ಎಂದ. ಗುಡ್ಡದ ಕ್ಯಾನುಗಳು ಸೋಮವಾರ ಬೆಳಿಗ್ಗೆಗೇ ಖಾಲಿ. ಹಾಗಾಗಿ ನೀರಕ್ಕ ತಾವೇ ಗಾಡಿಯಡಿ ತೂರಿದ್ದಾರೆ.

ಎಣ್ಣೆ ಬಸಿದು, ಉದ್ದುದ್ದ ಶಾಫ್ಟುಗಳೆರಡನ್ನೂ ಕಳಚಿ, ಆರು ಬೋಲ್ಟು ಬಿಚ್ಚುವ ಹೊತ್ತಿಗೆ ಮಧ್ಯಾಹ್ನ. ಜಾಕಿನ ಮೇಲೆ ಹಲಗೆ, ಹಲಗೆಯ ಮೇಲೆ ಮಡಿಸಿದ ಹಳೆಯ ಕಂಬಳಿ, ಅದರ ಮೇಲೆ ಪೆಟ್ಟಿಗೆ. ನಾಲ್ಕು ಬೆರಳು ಇಳಿದು ಅದು ವಾಲುತ್ತದೆ. ಅಕ್ಕ ಒಮ್ಮೆ ಜಾಕನ್ನು ನೋಡುತ್ತಾರೆ, ಒಮ್ಮೆ ನನ್ನ ಹೊಟ್ಟೆಯನ್ನು. "ಪೇಪರ್‌ನೋರೇ, ಹೆಚ್ಚೇನಿಲ್ಲ, ಎರಡು ಕ್ಯಾನ್ ಭಾರ ಅಷ್ಟೇ." ಇಪ್ಪತ್ತು ವರ್ಷದಿಂದ ಹೆಂಡತಿ ಕರಗಿಸು ಕರಗಿಸು ಎಂದು ಪೀಡಿಸುತ್ತಿರುವ ಹೊಟ್ಟೆ ಕಡೆಗೂ ಒಂದು ಕೆಲಸಕ್ಕೆ ಬರುತ್ತದೆ. ಪೆಟ್ಟಿಗೆ ಮೆತ್ತಗೆ ಬಂದು ಅದರ ಮೇಲೆ ಕೂರುತ್ತದೆ. ನಾನು ಉಸಿರಾಡುವುದನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತೇನೆ.

ಬದಲಿ ಪೆಟ್ಟಿಗೆ ಸಂಜೆ ಗುಜರಿಯಿಂದ ಬರುತ್ತದೆ. ಹಳೆಯದೇ, ಆದರೆ ಗಟ್ಟಿಮುಟ್ಟು, ಮತ್ತು ಗುಜರಿಯವನ ಬಳಿ ಇದ್ದದ್ದು ಅದೊಂದೇ. ಒಳಗೆ ಧೂಳು ಹೋಗಬಾರದು, ತೂತುಗಳನ್ನು ಮುಚ್ಚಿಡಿ ಎಂದು ಅಕ್ಕ ಗಂಡನಿಗೆ ಹೇಳುತ್ತಾರೆ. ಬೇರೆ ಯಾರಾದರೂ ಚಿಂದಿ ತುರುಕುತ್ತಿದ್ದರು. ಆದರೆ ಇವರು ದರ್ಜಿ. ಅಳತೆ ತೆಗೆದು, ಹತ್ತಿ ತುಂಬಿ, ಅಂಚು ಮಡಿಸಿ, ಐದು ತೂತಿಗೆ ಐದು ಬಿರಡೆ ಹೊಲಿಯುತ್ತಾರೆ. ಬಟ್ಟೆಯ ಬಣ್ಣವನ್ನು ಪೆಟ್ಟಿಗೆಯ ಬೂದು ಬಣ್ಣಕ್ಕೇ ಹೊಂದಿಸುತ್ತಾರೆ. ಇದು ಯಾಕೆ ಎಂದು ಕೇಳಿದರೆ ನನ್ನ ಅಜ್ಞಾನಕ್ಕೆ ಮರುಗುತ್ತಾರೆ. "ಕಣ್ಣಿಗೆ ಕಾಣದ ಹಾಗೆ ಹೊಲಿಯೋದೇ ಒಳ್ಳೆ ಹೊಲಿಗೆ, ಸಾರ್."

ಭಾನುವಾರ ಬಿರಡೆ ಕಿತ್ತು ಪೆಟ್ಟಿಗೆಯನ್ನು ಮೇಲೇರಿಸುತ್ತೇವೆ. ಜಾಕು, ಹಲಗೆ, ಕಂಬಳಿ, ನಾನು. ಎಲ್ಲ ಸರಿ, ಆದರೆ ಗೇರ್‌ಬಾಕ್ಸಿಗೆ ಅಂಟದೆ ಒಂದು ಬೆರಳಷ್ಟು ಸಂದು ಉಳಿಯುತ್ತದೆ. ತಳ್ಳುತ್ತಾರೆ, ಕೂರದು. ತಿರುಗಿಸುತ್ತಾರೆ, ಕೂರದು. ಆಪಾದನೆ ನನ್ನ ಹೊಟ್ಟೆಯ ಮೇಲೆ. ಉಸಿರು ಬಿಡಬೇಡಿ ಎನ್ನುತ್ತಾರೆ, ಆಮೇಲೆ ಬಿಡಿ ಎನ್ನುತ್ತಾರೆ, ಅರ್ಧ ಬಿಡಿ ಎನ್ನುತ್ತಾರೆ. ಹೀಗೆ ಒಂದು ಗಂಟೆ. ಬೋಲ್ಟು ಹಾಕಿ ಬಿಗಿದರೆ ತಾನಾಗಿ ಕೂರುತ್ತದೆ ಎಂದು ದರ್ಜಿಯ ಸಲಹೆ. ಅಕ್ಕನ ಸಹನೆಯೂ ಅಷ್ಟರಲ್ಲಿ ಮುಗಿದಿದೆ. ಬೋಲ್ಟಿಗೆ ಸ್ಪ್ಯಾನರ್ ಹಾಕುತ್ತಾರೆ.

ಮೆಟ್ಟಿಲ ಮೇಲೆ ಬಿರಡೆಗಳ ಡಬ್ಬಿ ಹಿಡಿದು ಅಕ್ಕನ ಅತ್ತೆ ಕೂತು ಎಣಿಸುತ್ತಿದ್ದಾರೆ. ಈಗ ಮಗನನ್ನು ಕೇಳುತ್ತಾರೆ. "ನೀನು ಐದು ಹೊಲಿದಿದ್ದೆ ತಾನೇ? ಇಲ್ಲಿ ನಾಲ್ಕೇ ಇದೆಯಲ್ಲೋ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ದರ್ಜಿ ತಮ್ಮ ಜೇಬು ಮುಟ್ಟಿಕೊಳ್ಳುತ್ತಾರೆ. ಜೇಬಿನಲ್ಲಿ ಟೇಪು ಮಾತ್ರ. ಅಕ್ಕ ಸಂದಿನೊಳಗೆ ಟಾರ್ಚ್ ಬಿಟ್ಟು ನೋಡಿದರೆ, ಗೇರ್‌ಬಾಕ್ಸಿನ ಶಾಫ್ಟು ತೂರುವ ದೊಡ್ಡ ತೂತಿನಲ್ಲಿ, ಕಬ್ಬಿಣಕ್ಕೂ ಬಟ್ಟೆಗೂ ವ್ಯತ್ಯಾಸ ತಿಳಿಯದಂತೆ, ಐದನೆಯದು ಆರಾಮವಾಗಿ ಕೂತಿದೆ. ಬಿಗಿದಿದ್ದರೆ ಪೆಟ್ಟಿಗೆ ಬಿರುಕು ಬಿಡುತ್ತಿತ್ತು, ಗುಡ್ಡಕ್ಕೆ ನೀರಿಲ್ಲ. ಅಕ್ಕ ಸ್ಪ್ಯಾನರನ್ನು ನಿಧಾನವಾಗಿ ಕೆಳಗಿಡುತ್ತಾರೆ.

"ರೀ, ಇನ್ನೊಂದ್ಸಲ ಹೊಲಿದ್ರೆ ಕೆಂಪು ಬಟ್ಟೇಲಿ ಹೊಲೀರಿ," ಎನ್ನುತ್ತಾರೆ. ಬೇರೇನೂ ಬೈಯುವುದಿಲ್ಲ. ಪೆಟ್ಟಿಗೆ ಮತ್ತೆ ನನ್ನ ಹೊಟ್ಟೆಗೆ ಇಳಿಯುತ್ತದೆ, ಬಿರಡೆ ಹೊರಬರುತ್ತದೆ, ಪೆಟ್ಟಿಗೆ ಮೇಲೆ ಹೋಗುತ್ತದೆ. ಈ ಸಲ ತಳ್ಳಿದ ಕೂಡಲೇ ಕೂರುತ್ತದೆ. ನನ್ನ ಹೊಟ್ಟೆಯಲ್ಲಿ ತಪ್ಪಿರಲಿಲ್ಲ ಎಂದು ಇಲ್ಲಿ ದಾಖಲಿಸುತ್ತಿದ್ದೇನೆ.

ಸೋಮವಾರ ಮುಂಜಾನೆ ನಾನು ಅಕ್ಕನ ಪಕ್ಕದ ಸೀಟಿನಲ್ಲಿ. ಕೊನೆಯ ತಿರುವಿಗೆ ಮುಂಚೆ ಅವರು ನಾಲ್ಕೂ ಚಕ್ರಕ್ಕೆ ಶಕ್ತಿ ಹಾಯಿಸುವ ಸಣ್ಣ ಲಿವರನ್ನು ಎಳೆಯುತ್ತಾರೆ. ಹಿಂದಿನ ಚಕ್ರ ಜಲ್ಲಿಯಲ್ಲಿ ಜಾರುತ್ತದೆ, ನಾನು ಎರಡೂ ಕೈಯಲ್ಲಿ ಸೀಟು ಹಿಡಿದುಕೊಳ್ಳುತ್ತೇನೆ. ಆಮೇಲೆ ಮುಂದಿನ ಚಕ್ರಗಳು ನೆಲ ಹಿಡಿಯುತ್ತವೆ. ಗಾಡಿ ದಿನದಂತೆ ಗೊಣಗುತ್ತಾ ಹತ್ತುತ್ತದೆ.

ತುದಿಯ ಮನೆಯ ಅಜ್ಜಿ ಕ್ಯಾನ್ ಒಳಗೆ ಇಡಿಸಿಕೊಂಡು, ಕಾಲು ಒರೆಸಿಕೊಂಡು ಬರಬಾರದೇ ಎಂದು ಗದರಿ ಬಾಗಿಲು ಹಾಕಿಕೊಳ್ಳುತ್ತಾರೆ. ನನಗೆ ರೇಗಿಹೋಗುತ್ತದೆ. ಎರಡು ದಿನದ ಕಥೆಯನ್ನೆಲ್ಲ ಹೇಳಿಬಿಡೋಣವೆಂದು ಬಾಗಿಲು ತಟ್ಟಲು ಹೋಗುತ್ತೇನೆ. ಅಕ್ಕ ನನ್ನ ತೋಳು ಹಿಡಿದು ಗಾಡಿಯ ಕಡೆ ತಿರುಗಿಸುತ್ತಾರೆ. ಮುಖದ ತುಂಬ ನಗು.

"ಬೇಡ ಬನ್ನಿ. ಏನಾಯ್ತು ಅಂತ ಯಾರಿಗೂ ಗೊತ್ತೇ ಆಗ್ಲಿಲ್ಲ ನೋಡಿ. ಒಳ್ಳೆ ಹೊಲಿಗೆ ಅಂದ್ರೆ ಇದೇ ಇರ್ಬೇಕು." ಖಾಲಿ ಕ್ಯಾನುಗಳನ್ನು ಹಿಂದೆ ಎಸೆದು ಸ್ಟೀರಿಂಗ್ ಮುಂದೆ ಕೂರುತ್ತಾರೆ. "ನಮ್ಮ ಯಜಮಾನ್ರಿಗೆ ಮಾತ್ರ ಹೇಳ್ಬೇಡಿ. ತಲೆ ಮೇಲೆ ಕೂರ್ತಾರೆ."