ಅಮ್ಮ ಹಾಡು ನಿಲ್ಲಿಸಿದ್ದು

ಇವತ್ತು ರಾಬರ್ಟ್‌ಸನ್‌ಪೇಟೆಯ ಟೈಲರ್ ಅಂಗಡಿಯಲ್ಲಿ ಮಿಷನ್ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಅಮ್ಮನ ಸೆರಗಿಗೂ ಇದೇ ವಾಸನೆಯಿತ್ತು. ಚಾಂಪಿಯನ್ ರೀಫ್ಸ್‌ನ ನಮ್ಮ ಮನೆಯಿಂದ ಬೆಳಗಿನ ಜಾವವೇ ಹೊರಟು, ಬಂಗಾರಪೇಟೆಯಲ್ಲಿ ರೈಲು ಹಿಡಿದು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ಮಿಷನ್‌ಗಳ ಸದ್ದಿಗೆ ಅವಳ ಕಿವಿ ಮಂದವಾಗಿತ್ತು. ಭಾನುವಾರ ಚರ್ಚಿನ ಮುಂದಿನ ಸಾಲಿನಲ್ಲಿ ನಿಂತು, ಕಣ್ಣು ಮುಚ್ಚಿ, ಎಲ್ಲರಿಗಿಂತ ಜೋರಾಗಿ, ರಾಗ ತಪ್ಪಿ ಹಾಡುತ್ತಿದ್ದಳು.

ನನ್ನ ಗೆಳತಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಒಂದು ಭಾನುವಾರ ಮನೆಗೆ ಬರುವ ದಾರಿಯಲ್ಲಿ ಹೇಳಿಬಿಟ್ಟೆ: "ನೀನು ಹಾಡ್ಬೇಡಮ್ಮ. ಎಲ್ಲಾರೂ ನಗ್ತಾರೆ. ನಂಗೆ ನಾಚ್ಕೆ ಆಗ್ತದೆ."

"ಔದೇನವ್ವಾ? ನಂಗೆ ಗೊತ್ತೇ ಆಗಿಲ್ಲ ನೋಡು," ಎಂದು ಅಮ್ಮ ನನ್ನ ಕೈ ಹಿಡಿದುಕೊಂಡಳು.

ಮುಂದಿನ ವಾರದಿಂದ ಚರ್ಚಿನಲ್ಲಿ ಅವಳ ತುಟಿಗಳಷ್ಟೇ ಅಲುಗುತ್ತಿದ್ದವು. ಯಾರಾದರೂ ಕೇಳಿದರೆ "ಗಂಟ್ಲು ಸರಿಯಿಲ್ಲ" ಎನ್ನುತ್ತಿದ್ದಳು. ನನ್ನ ಹೆಸರು ಎತ್ತಲಿಲ್ಲ. ಮತ್ತೆ ಹಾಡಮ್ಮ ಎಂದು ನಾನೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ, ನನಗೆ ನೆಮ್ಮದಿಯಾಗಿತ್ತು.

ಹೋದ ತಿಂಗಳು ಅಮ್ಮ ತೀರಿಕೊಂಡಳು. ಮಣ್ಣು ಮಾಡುವ ಮುನ್ನ ನಮ್ಮ ಹೊಸ ಪಾಸ್ಟರ್, "ಈ ತಾಯಿ ಎಷ್ಟು ಮೌನಿ ಅಂದ್ರೆ, ಆರಾಧನೆಯಲ್ಲೂ ಇವರ ದನಿ ನಾನು ಕೇಳಿಲ್ಲ" ಎಂದು ಹೊಗಳಿದರು. ನಾನು ತಲೆ ತಗ್ಗಿಸಿ "ಆಮೆನ್" ಅಂದೆ.