ಕುರುಗೋಡಿನಲ್ಲಿ ಬಿದ್ದ ಮಳೆ

ನನ್ನ ಭಾವ ಹಳ್ಳದ ನಡುವೆ ಭತ್ತದ ಚೀಲಗಳ ಮೇಲೆ ಕೂತು ಜೀವ ಹಿಡಿದುಕೊಂಡಿದ್ದ ದಿನ ಬಳ್ಳಾರಿಯಲ್ಲಿ ಒಂದು ಹನಿ ಮಳೆಯೂ ಬಿದ್ದಿರಲಿಲ್ಲ. ಗಾಂಧಿನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಯಾರದೋ ಮದುವೆಯ ರವಿಕೆಗಳನ್ನು ಹೊಲಿಯುತ್ತಿದ್ದೆ. ಆ ಮಧ್ಯಾಹ್ನ ನಾನು ಒಂದು ಫೋನ್ ಮಾಡಬೇಕಿತ್ತು. ಮಾಡಲಿಲ್ಲ.

ನಮ್ಮ ತವರು ಕುರುಗೋಡು. ಅಲ್ಲಿ ಅಮ್ಮ, ಅಣ್ಣನ ಸಂಸಾರ ಇದೆ. ಅಕ್ಕನನ್ನು ಕೊಟ್ಟಿದ್ದು ಸಿರುಗುಪ್ಪದ ಹತ್ತಿರದ ಒಂದು ಹಳ್ಳಿಗೆ. ಅವರ ಊರು ಹಳ್ಳದ ಈಚೆ, ಹೊಲ ಹಳ್ಳದ ಆಚೆ. ನಡುವೆ ಒಂದು ತಗ್ಗು ಸೇತುವೆ. ಬೇಸಿಗೆಯಲ್ಲಿ ಆ ಹಳ್ಳದಲ್ಲಿ ನೀರಿಗಿಂತ ಕುರಿಗಳೇ ಹೆಚ್ಚು.

ನನಗೆ ಹವಾಮಾನದ ಹುಚ್ಚು ಹಿಡಿದದ್ದು ಒಂದು ಬಿರುಗಾಳಿಯಿಂದ. ಅದು ನಮ್ಮ ಮಾಳಿಗೆಯ ತಗಡನ್ನು ಕಿತ್ತು ಪಕ್ಕದವರ ತುಳಸಿಕಟ್ಟೆಯ ಮೇಲೆ ಎಸೆದಿತ್ತು. ಅಂದಿನಿಂದ ಹೊಲಿಗೆಯ ನಡುನಡುವೆ ಫೋನಿನಲ್ಲಿ ಮೋಡ ನೋಡುವುದು ಚಟವಾಯಿತು. ಎರಡು ಆ್ಯಪ್ ಹಾಕಿಕೊಂಡಿದ್ದೆ. ಒಂದು ಮಳೆ ಎಂದರೆ ಇನ್ನೊಂದು ಬಿಸಿಲು ಎನ್ನುತ್ತಿತ್ತು. ಆದರೂ ಮನೆಮಂದಿಗೆಲ್ಲ ನಾನೇ ಹವಾಮಾನ ಇಲಾಖೆಯಾದೆ. ಬೇಸಿಗೆ ಭತ್ತದ ಕೊಯ್ಲು ಬಂತೆಂದರೆ ಭಾವ ಸಂಜೆಗೊಮ್ಮೆ ಫೋನ್ ಮಾಡುತ್ತಿದ್ದರು. "ಏನವಾ ತಂಗಿ, ನಿನ್ನ ಫೋನ್ ಏನಂತೈತಿ?"

ಆ ವರ್ಷ ಕೊಯ್ಲಿನ ಮೊದಲ ವಾರವೇ ಎರಡೂ ಆ್ಯಪ್ ಒಂದೇ ಮಾತು ಹೇಳಿದವು. ನಾನು ಬೆಳಿಗ್ಗೆಯೇ ಫೋನ್ ಮಾಡಿ, "ಬಾವಾ, ಸಂಜಿಗೆ ಜೋರು ಗಾಳಿಮಳಿ ಐತ್ರಿ. ಭತ್ತ ತುಂಬಿಸಿಬಿಡ್ರಿ" ಎಂದೆ. ಭತ್ತ ಹಿಂದಿನ ದಿನವಷ್ಟೇ ರಸ್ತೆಯ ಮೇಲೆ ಹರವಿದ್ದು, ಇನ್ನೂ ಹಸಿ ಇತ್ತು. ನನ್ನ ಮಾತು ನಂಬಿ, ಸುಡುವ ಬಿಸಿಲಲ್ಲಿ ಆಳುಗಳ ಜೊತೆ ತಾವೂ ನಿಂತು ಅಷ್ಟನ್ನೂ ಚೀಲಕ್ಕೆ ತುಂಬಿಸಿದರು. ಸಂಜೆ ಒಂದಿಷ್ಟು ದೂಳು ಎದ್ದಿತು, ಅಷ್ಟೇ. ಮರುದಿನ ಚೀಲದೊಳಗೆ ಕೈ ಹಾಕಿದರೆ ಹಸಿ ಭತ್ತ ಕಾವು ಏರಿ ಮುಗ್ಗಲು ವಾಸನೆ ಹೊಡೆಯುತ್ತಿತ್ತಂತೆ. ಮತ್ತೆ ಎಲ್ಲವನ್ನೂ ಹರವಿದರು.

"ಊರಾಗ ಎಲ್ಲಾರೂ ಕೇಳಾಕತ್ತಾರವಾ, ನಿಮ್ಮ ನಾದಿನಿ ಮಳಿ ಯಾವಾಗ ಬರ್ತೈತಿ ಅಂತ" ಎಂದು ಭಾವ ಫೋನಿನಲ್ಲಿ ನಕ್ಕರು. ಅವರ ನಗೆಯಲ್ಲಿ ಕಹಿ ಇರಲಿಲ್ಲ. ಆದರೆ ಹಿಂದಿನಿಂದ ಅಕ್ಕನ ದನಿ ಕೇಳಿಸಿತು. "ಎರಡು ದಿನದ ದುಡಿತ ಮಣ್ಣುಪಾಲಾತು. ಆಕಿ ಮಾತು ಕಟಗೊಂಡು..." ನಾನೂ ನಕ್ಕು ಫೋನ್ ಇಟ್ಟೆ. ಆಮೇಲೆ ಬಹಳ ಹೊತ್ತು ದಾರ ಸೂಜಿಯ ಕಣ್ಣಿಗೆ ಹೋಗಲೇ ಇಲ್ಲ.

ಹತ್ತು ದಿನ ಕಳೆದಿರಬಹುದು. ಮಧ್ಯಾಹ್ನ ಎರಡು ದಾಟಿತ್ತು. ಅಮ್ಮನ ಫೋನ್ ಬಂತು.

"ಯವ್ವಾ, ಇಲ್ಲಿ ಆಣಿಕಲ್ಲು ಬೀಳಾಕತ್ತಾವ. ಗುಡ್ಡ ಕಾಣವಲ್ದು. ಅಂಗಳದಾಗ ಮೊಣಕಾಲುದ್ದ ನೀರು ನಿಂತೈತಿ."

"ಕಿಟಕಿ ಹತ್ರ ನಿಂದರಬ್ಯಾಡಬೇ. ಅಕ್ಕನ ಊರಾಗೂ ಐತಂತೇನು?"

"ಇಲ್ಲಿ ಮಳಿ ಸುರು ಆಗೂ ಮೊದಲ ಆಕಿ ಕೂಡ ಮಾತಾಡಿದ್ನಿ. ಅಲ್ಲಿ ಬಿಸಲು ಸುಡಾಕತ್ತೈತಂತ."

ನಾನು ಮಾಳಿಗೆ ಹತ್ತಿ ನೋಡಿದೆ. ಸಂಗನಕಲ್ಲಿನ ಗುಡ್ಡಗಳ ಮೇಲೆ ಬಿಸಿಲು ಬಿದ್ದಿತ್ತು. ಕುರುಗೋಡಿನ ದಿಕ್ಕಿನ ಆಕಾಶ ಮಾತ್ರ ಮಸಿ ಮೆತ್ತಿದ ಹಾಗಿತ್ತು. ಫೋನಿಗೆ ಬಂದಿದ್ದ ಎಚ್ಚರಿಕೆಯಲ್ಲಿ, ಅಲ್ಲಲ್ಲಿ ಗುಡುಗು ಸಹಿತ ಮಳೆಯಾಗುವ ಸಾಧ್ಯತೆ ಎಂದಿತ್ತು. ಒಂದು ಆ್ಯಪ್ ಸಿರುಗುಪ್ಪಕ್ಕೆ ಮೋಡ ತೋರಿಸಿದರೆ ಇನ್ನೊಂದು ಸೂರ್ಯನನ್ನು ತೋರಿಸಿತು. ಭಾವನ ನಂಬರು ತೆಗೆದೆ. ಏನು ಹೇಳಲಿ? ಬರಬಹುದು, ಬರದೆಯೂ ಇರಬಹುದು ಎನ್ನಲೇ? ನಾದಿನಿ ಮಳೆ ಎಂಬ ಮಾತು ನೆನಪಾಗಿ ಮುಖ ಬಿಸಿಯಾಯಿತು. ಮಳೆ ಬಿದ್ದಿರುವುದು ಕುರುಗೋಡಿನಲ್ಲಿ, ಅವರಿಗೇನು ಎಂದುಕೊಂಡು ಕೆಳಗಿಳಿದೆ. ಕುರುಗೋಡಿನ ಗುಡ್ಡದ ನೀರು ಹರಿದು ಹೋಗುವುದು ಅಕ್ಕನ ಊರಿನ ಹಳ್ಳಕ್ಕೇ ಎಂದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಗೊತ್ತಿದ್ದದ್ದು ಆ ಹೊತ್ತಿಗೆ ನೆನಪಾಗಲಿಲ್ಲ. ನೆನಪು ಮಾಡಿಕೊಳ್ಳಲು ನನಗೆ ಮನಸ್ಸಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ನಾಲ್ಕೂವರೆಗೆ ಅಕ್ಕನ ಫೋನ್ ಬಂತು. "ಅವರು ಹಳ್ಳದಾಗ ಸಿಕ್ಕೊಂಡಾರ. ಬಾ" ಎಂದಳು. ಅಷ್ಟಕ್ಕೇ ಕಟ್ಟಾಯಿತು.

ನನ್ನ ಗಂಡ ಗಾಡಿ ತೆಗೆದರು. ದಾರಿಯುದ್ದಕ್ಕೂ ಹಿಂದೆ ಕೂತು ಅಕ್ಕನಿಗೆ ಫೋನ್ ಮಾಡುತ್ತಲೇ ಇದ್ದೆ, ಹತ್ತಲಿಲ್ಲ. ಒಂದು ಕಡೆ ಬೇವಿನ ಮರವೊಂದು ಅಡ್ಡ ಬಿದ್ದು, ಹೊಲದೊಳಗೆ ಇಳಿದು ಸುತ್ತಿ ಬಂದೆವು. ಅಕ್ಕನ ಊರು ಸೇರುವಾಗ ಹೊತ್ತು ಇಳಿಯುತ್ತಿತ್ತು. ಊರೇ ಹಳ್ಳದ ದಂಡೆಯಲ್ಲಿ ನೆರೆದಿತ್ತು.

ಕೆಂಪು ನೀರು ದಂಡೆಯಿಂದ ದಂಡೆಗೆ ತುಂಬಿ ಹರಿಯುತ್ತಿತ್ತು. ಮೇಲೆ ಆಕಾಶ ತಿಳಿಯಾಗಿತ್ತು, ಕಾಲ ಕೆಳಗಿನ ಮಣ್ಣು ಒಣಗಿತ್ತು. ಸೇತುವೆ ಇದ್ದ ಕಡೆ ಭಾವನ ಟ್ರ್ಯಾಕ್ಟರಿನ ಮೂತಿಯಷ್ಟೇ ಕಾಣುತ್ತಿತ್ತು. ಹಿಂದಿನ ಟ್ರೇಲರಿನಲ್ಲಿ, ಚೀಲಗಳ ಮೇಲೆ, ಭಾವ ಕುಕ್ಕರಗಾಲಲ್ಲಿ ಕೂತಿದ್ದರು. ಹೊಲದಿಂದ ಭತ್ತ ಹೇರಿಕೊಂಡು ಬರುವಾಗ ಸೇತುವೆಯ ಮೇಲೆ ಪಾದ ಮುಳುಗುವಷ್ಟು ನೀರಿತ್ತು, ದಾಟಿಬಿಡಬಹುದು ಎಂದು ನುಗ್ಗಿಸಿದ್ದರಂತೆ. ನಡುವೆ ಎಂಜಿನ್ ನಿಂತಿತು. ನಾವು ನೋಡುತ್ತಿದ್ದ ಹಾಗೆಯೇ ಅವರ ಕೆಳಗಿನಿಂದ ಒಂದು ಚೀಲ ಜಾರಿ ತೇಲಿ ಹೋಯಿತು. ಅಕ್ಕ ಅಳಲಿಲ್ಲ. ನನ್ನ ಮಣಿಕಟ್ಟು ಹಿಡಿದಳು.

ಅಗ್ನಿಶಾಮಕದವರಿಗೆ ಫೋನ್ ಹೋಗಿತ್ತು, ಅವರಿನ್ನೂ ದಾರಿಯಲ್ಲಿದ್ದರು. ಕುರಿ ಕಾಯುವ ಒಬ್ಬ ಮುದುಕ ಉದ್ದದ ಹಗ್ಗವನ್ನು ಜಾಲಿ ಮರದ ಬುಡಕ್ಕೆ ಬಿಗಿದು, ಇನ್ನೊಂದು ತುದಿಗೆ ಕಲ್ಲು ಕಟ್ಟಿ ಬೀಸಿದ. ಎರಡು ಸಲ ನೀರಿಗೆ ಬಿತ್ತು. ಮೂರನೆಯ ಸಲ ಭಾವನ ಕೈಗೆ ಸಿಕ್ಕಿತು.

"ಸೊಂಟಕ್ಕ ಕಟಗೋಪಾ! ಕೈ ನಂಬಬ್ಯಾಡ!" ಎಂದು ಮುದುಕ ಕೂಗಿದ.

ಭಾವ ಕಟ್ಟಿಕೊಂಡರು. ನಮ್ಮ ಕಡೆ ಒಮ್ಮೆ ನೋಡಿ ನೀರಿಗಿಳಿದರು. ಏಳೆಂಟು ಜನ ಎಳೆದರು. ನಡುವೆ ಅವರ ತಲೆ ಕಾಣದಾಯಿತು. ಎಷ್ಟು ಹೊತ್ತೋ ನನಗೆ ಗೊತ್ತಿಲ್ಲ, ಅಕ್ಕನ ಉಗುರು ನನ್ನ ಕೈಯೊಳಗೆ ಇಳಿದಿದ್ದಷ್ಟೇ ಗೊತ್ತು. ಆಮೇಲೆ ದಂಡೆಯ ಕೆಸರಿನಲ್ಲಿ ಅವರು ಅಂಗಾತ ಬಿದ್ದು ಕೆಮ್ಮುತ್ತಿದ್ದರು. ಅಕ್ಕ ಸೆರಗಿನಿಂದ ಅವರ ಮುಖ ಒರೆಸುತ್ತ, "ಭತ್ತಕ್ಕ ಬೆಂಕಿ ಬೀಳಲಿ, ಭತ್ತಕ್ಕ ಬೆಂಕಿ ಬೀಳಲಿ" ಎನ್ನುತ್ತಿದ್ದಳು.

ಮನೆಗೆ ಬಂದ ಮೇಲೆ ಭಾವನಿಗೆ ಕೌದಿ ಹೊದಿಸಿ ಬಿಸಿ ಗಂಜಿ ಕುಡಿಸಿದೆವು. ಒಂದು ಭುಜ ಊದಿಕೊಂಡಿತ್ತು. ನನಗೆ ಒಳಗೇ ಇಟ್ಟುಕೊಳ್ಳಲಾಗಲಿಲ್ಲ.

"ಬಾವಾ, ನನಗ ಗೊತ್ತಿತ್ರಿ. ಕುರುಗೋಡಾಗ ಆಣಿಕಲ್ಲು ಬೀಳಾಕತ್ತಾವ ಅಂತ ಅವ್ವ ಹೇಳಿದ್ಲು. ನಿಮಗ ಫೋನ್ ಮಾಡಾಕ ನಾಚಿಕಿ ಆತು. ಮತ್ತ ಸುಳ್ಳಾದ್ರ ನಗ್ತಾರ ಅಂತ ಸುಮ್ಮನಾದ್ನಿ."

ಒಲೆಯ ಮುಂದಿದ್ದ ಅಕ್ಕ ತಿರುಗಿ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಸೌಟು ಕೆಳಗಿಟ್ಟು ಹೊರಗೆ ಹೋದಳು. ಭಾವ ಊದಿದ ಭುಜದ ಮೇಲೆ ಕೌದಿ ಎಳೆದುಕೊಂಡರು.

"ನೀ ಹೇಳಿದ್ರೂ ನಾ ಹೋಗ್ತಿದ್ನೋ ಏನೋ" ಎಂದರು. "ಮೊದಲೊಮ್ಮೆ ಸುಳ್ಳಾಗಿತ್ತಲ್ಲ. ಆದ್ರ ಹಳ್ಳದಾಗ ನೀರು ಕಂಡಕೂಡ್ಲೆ ನಿನ್ನ ಮಾತು ನೆನಪಾಗಿ ಹಿಂದ ಸರೀತಿದ್ನೇನೋ. ಅದೂ ಗೊತ್ತಿಲ್ಲ." ಮತ್ತೆ ನನ್ನ ಕಡೆ ನೋಡಿ, "ನಾವು ನಕ್ಕಿದ್ದು ತಪ್ಪಾತವಾ. ಇನ್ನಮ್ಯಾಲೆ ನಿನಗ ಗೊತ್ತಾಗಲಿಲ್ಲಂದ್ರ, ಗೊತ್ತಾಗವಲ್ದು ಅಂತಾದ್ರೂ ಫೋನ್ ಮಾಡಿ ಹೇಳು. ಅದೂ ಸುದ್ದಿನ ಐತಿ" ಎಂದರು.

ನನಗೆ ಅಳು ತಡೆಯಲಾಗಲಿಲ್ಲ. ಹಿತ್ತಲಿಗೆ ಹೋದೆ. ಅಕ್ಕ ಕಲ್ಲಿನ ಮೇಲೆ ಕೂತಿದ್ದಳು. ನನ್ನನ್ನು ಮುಂದೆ ಕೂರಿಸಿಕೊಂಡು, ದೂಳು ಗಾಳಿಗೆ ಸಿಕ್ಕುಗಟ್ಟಿದ್ದ ನನ್ನ ಕೂದಲನ್ನು ಬೆರಳಿನಿಂದ ಬಿಡಿಸತೊಡಗಿದಳು. ನನ್ನ ಮಣಿಕಟ್ಟಿನ ಗಾಯ ಕಣ್ಣಿಗೆ ಬಿದ್ದಾಗ, "ನಾನ ಮಾಡಿದ್ದೇನು ಇದು?" ಎಂದು ಕೇಳಿ ಅರಿಶಿನ ತರಲು ಎದ್ದಳು.

ಟ್ರ್ಯಾಕ್ಟರನ್ನು ಮೂರನೆಯ ದಿನ ಎಳೆದು ತೆಗೆದರು. ಭಾವನ ಭುಜ ವಾಸಿಯಾಗಲು ಮುಂಗಾರು ಬರಬೇಕಾಯಿತು.

ನಾನು ಈಗಲೂ ಫೋನ್ ಮಾಡುತ್ತೇನೆ. ಅರ್ಧಕ್ಕರ್ಧ ತಪ್ಪುತ್ತದೆ. ಭಾವ ಭತ್ತಕ್ಕೆ ತಾಡಪತ್ರಿ ಹೊದಿಸುತ್ತಾರೆ, ಮರುದಿನ ತೆಗೆಯುತ್ತಾರೆ, ಯಾರೂ ನಗುವುದಿಲ್ಲ. ಆದರೆ ನಾನು ಎಣಿಸಿರದ ಒಂದು ಬದಲಾವಣೆ ಆಗಿದೆ. ಅಕ್ಕನ ಮದುವೆಯಾಗಿ ಇಷ್ಟು ವರ್ಷವಾದರೂ ಅಮ್ಮ ಅಳಿಯನ ಎದುರಿಗೆ ನಿಂತು ಮಾತಾಡಿದವಳಲ್ಲ. ಬಾಗಿಲ ಹಿಂದೆ ನಿಂತು, ತಲೆಯ ಮೇಲೆ ಸೆರಗು ಎಳೆದುಕೊಂಡು, ಹೇಳಬೇಕಾದ್ದನ್ನು ಅಕ್ಕನ ಬಾಯಲ್ಲಿ ಹೇಳಿಸುವವಳು. ಹೋದ ತಿಂಗಳು ತವರಿಗೆ ಹೋದಾಗ, ಮಧ್ಯಾಹ್ನದ ಊಟವಾದ ಮೇಲೆ ಅವಳು ಅಂಗಳಕ್ಕೆ ಬಂದು ಗುಡ್ಡದ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು. ಅಣ್ಣನ ಫೋನ್ ಇಸಿದುಕೊಂಡಳು. ಫೋನಿನಲ್ಲಿ ಅಳಿಯ ಕಾಣದಿದ್ದರೂ ಸೆರಗು ತಲೆಗೆಳೆದುಕೊಂಡು, ದನಿ ಎತ್ತರಿಸಿ ಹೇಳಿದಳು.

"ಅಳಿಯಂದ್ರ, ಗುಡ್ಡದ ನೆತ್ತಿಮ್ಯಾಲೆ ಕಪ್ಪಾಗೈತ್ರಿ. ಬರ್ತೈತೋ ಬಿಡ್ತೈತೋ ಗೊತ್ತಿಲ್ರಿ. ಊಟ ಆತ್ರಿ?"