ಬಾಸಿಲಿಯಾಳ ದಾರಿಯ ಕೂಜ

ಬಾಸಿಲಿಯಾ ಸುಟ್ಟ ಹಂಚಿನ ಮೇಲೆ ಮೂರು ತಲೆಮಾರು ರೊಟ್ಟಿ ಬೇಯಿಸಬಹುದು, ಅವಳ ಬಾಯೆದುರು ಮಾತ್ರ ಮೂರು ಗಳಿಗೆ ನಿಲ್ಲೋಕಾಗಲ್ಲ ಎಂದು ನೆರೆಹೊರೆಯವರು ನಗಾಡುತ್ತಿದ್ದರು. ವಹಾಕಾ ಕಣಿವೆಯ ಸಾಂತಾ ರೂಫಿನಾ ಎಂಬ ಊರಿನಲ್ಲಿ ಹೆಂಗಸರೆಲ್ಲ ಕುಂಬಾರ್ತಿಯರೇ; ಅವರಲ್ಲೆಲ್ಲ ಇವಳದೇ ಗಟ್ಟಿ ಕೈ, ಗಟ್ಟಿ ಬಾಯಿ.

ಆ ಬಾಯಿಗೆ ಹೆಚ್ಚು ಸಿಕ್ಕಿದವಳು ಸೊಸೆ ಒಟೀಲಿಯಾ. ಗುಡ್ಡದಾಚೆ ಚಾಪೆ ಹೆಣೆಯುವವರ ಊರಿನಿಂದ ಬಂದವಳು. ಹನ್ನೆರಡು ವರ್ಷ ಮಣ್ಣು ತುಳಿದಳು, ನೀರು ಹೊತ್ತಳು. ಆದರೆ ಮಡಕೆಗೆ ಹೊಳಪು ತಿಕ್ಕುವ ಕಲ್ಲನ್ನು ಅತ್ತೆ ಮುಟ್ಟಗೊಡಲಿಲ್ಲ. ಆ ಹೊಳೆಗಲ್ಲು ಅಜ್ಜಿಯಿಂದ ತಾಯಿಗೆ, ತಾಯಿಯಿಂದ ತನಗೆ ಬಂದದ್ದು. ಹೆಣ್ಣುಮಕ್ಕಳಿಲ್ಲದ ಬಾಸಿಲಿಯಾ ಅದನ್ನು ಶಾಲಿನ ಗಂಟಿನಲ್ಲೇ ಇಟ್ಟುಕೊಂಡಿದ್ದಳು. ಮಡಕೆ ಸುಡುವ ದಿನವಂತೂ ಸೊಸೆ ಅಂಗಳಕ್ಕೇ ಬರುವಂತಿರಲಿಲ್ಲ. ಹೊರಗಿನವರ ದೃಷ್ಟಿ ತಾಗಿದರೆ ಮಡಕೆ ಬಿರುಕು ಬಿಡುತ್ತದಲ್ಲ.

"ಚಾಪೆಯೋರ ಕಣ್ಣು ಬೆಂಕಿಗಾಗಲ್ಲ. ನೀ ಒಳಗಿರು," ಅನ್ನೋಳು.

ಬಾಗಿಲ ಹಿಂದೆ ನಿಂತ ಒಟೀಲಿಯಾ, ಅತ್ತೆ ಒಂದೊಂದೇ ಮಡಕೆಯನ್ನು ಬೆರಳ ಗೆಣ್ಣಿನಿಂದ ತಟ್ಟುವುದನ್ನು ಕೇಳಿಸಿಕೊಳ್ಳುತ್ತಿದ್ದಳು. ಟಣ್ ಎಂದರೆ ಗಟ್ಟಿ. ಡಬ್ ಎಂದರೆ ಬಿರುಕು.

ಬಾಸಿಲಿಯಾಗೆ ಎಪ್ಪತ್ತು ದಾಟಿದ ಮೇಲೆ ಒಂದು ದಿನ, ತಟ್ಟಿದ ಮಡಕೆ ಡಬ್ ಎಂದಿತು. ಅವಳು ಅದನ್ನು ಗಟ್ಟಿ ಮಡಕೆಗಳ ಸಾಲಿಗೇ ಇಟ್ಟಳು. ಬಾಗಿಲ ಸಂದಿಯಿಂದ ಒಟೀಲಿಯಾ ಅದನ್ನು ಕಂಡಳು. ಅತ್ತೆಯ ಕಿವಿ ಹೋಗಿತ್ತು. ಅಂದಿನಿಂದ ಸಂತೆಯ ಬುಟ್ಟಿ ತುಂಬುವಾಗ ಸೊಸೆ ಬಿರುಕಿನವನ್ನು ಸದ್ದಿಲ್ಲದೆ ಆರಿಸಿ ಕೋಳಿಗೂಡಿನ ಹಿಂದೆ ಬಚ್ಚಿಡತೊಡಗಿದಳು. ಗಂಡನಿಗೂ ಹೇಳಲಿಲ್ಲ.

ಮೊಟ್ಟೆ ಹುಡುಕುತ್ತ ಹೋದ ಬಾಸಿಲಿಯಾಗೆ ಒಮ್ಮೆ ಆ ರಾಶಿ ಕಂಡಿತು. ಒಂದೊಂದನ್ನೂ ಸವರಿದಳು, ಕೂದಲೆಳೆಯಂಥ ಬಿರುಕು ಉಗುರಿಗೆ ಸಿಕ್ಕಿತು. ಅವೆಲ್ಲ ತಾನೇ ಗಟ್ಟಿ ಎಂದು ಸಾಲಿಗಿಟ್ಟವೆಂದು ಗುರುತಿಸಿ, ಸೊಸೆಯನ್ನು ಕರೆದಳು.

"ಯಾವಾಗಿಂದ ಕಣೇ?"

ಒಟೀಲಿಯಾ ಅವಳ ಕಿವಿಗೆ ಬಾಗಿದಳು. "ಮಳೆಗಾಲದಿಂದ, ಅತ್ತೆ."

"ಊರಿಗೆಲ್ಲ ಹೇಳಿ ನಗಬಹುದಿತ್ತಲ್ಲ. ನಾನಾಗಿದ್ರೆ ನಗ್ತಿದ್ದೆ." ಬಾಸಿಲಿಯಾ ಶಾಲಿನ ಗಂಟು ಬಿಚ್ಚಿ, ಕಲ್ಲನ್ನು ಅವಳ ಅಂಗೈಯಲ್ಲಿಟ್ಟಳು. "ಇನ್ಮೇಲೆ ಬೆಂಕಿ ಹತ್ರ ನೀನೇ ಇರು. ನನ್ನ ದಾರಿಯ ಕೂಜಾನೂ ನೀನೇ ಮಾಡು. ಸೋರಿತೋ, ಅರ್ಧ ದಾರೀಲಿ ವಾಪಸ್ ಬಂದು ಬೈತೀನಿ."

ಸತ್ತವರಿಗೆ ದಾರಿಯಲ್ಲಿ ಬಾಯಾರಬಾರದೆಂದು ಶವದ ಪೆಟ್ಟಿಗೆಯಲ್ಲಿ ಒಂದು ಪುಟ್ಟ ಕೂಜ ನೀರಿಡುವುದುಂಟು.

ನಾಲ್ಕು ವರ್ಷ ಕಳೆದ ಮೇಲೆ ಅತ್ತೆಯ ಪೆಟ್ಟಿಗೆಯ ಪಕ್ಕ ಒಟೀಲಿಯಾ ಮೊಣಕಾಲೂರಿದಳು. ಕಲ್ಲಿನಿಂದ ತಿಕ್ಕಿ ತಿಕ್ಕಿ ಹೊಳೆಯಿಸಿದ ಕೆಂಪು ಕೂಜವನ್ನು ಅತ್ತೆಯ ಕಿವಿಯ ಬಳಿ ಹಿಡಿದು ಗೆಣ್ಣಿನಿಂದ ತಟ್ಟಿದಳು. ಟಣ್ ಎಂದಿತು.

"ಸೋರಲ್ಲ ಅತ್ತೆ. ನಿಧಾನ ಹೋಗಿ ಬನ್ನಿ."

ನೀರು ತುಂಬಿ ಕೈಯ ಬಳಿ ಇಟ್ಟಳು. ಮಗ, ನೆರೆಯವರು ಹೆಗಲು ಕೊಟ್ಟರು. ಬೂದಿ ಚೆಲ್ಲಿದ ಅಂಗಳ ದಾಟಿ ಬಾಸಿಲಿಯಾ ಮನೆಯಿಂದ ಹೊರಟಳು.